ನಾಲ್ಕೆಕರೆ ಸಾವ್ಕಾರನ ಟ್ರ್ಯಾಕ್ಟರು

ನಾಲ್ಕೆಕರೆ ಸಾವ್ಕಾರ ರೋಣ ತಾಲ್ಲೂಕಿನ ಎರೆಭೂಮಿಯಲ್ಲಿ ಧಾರಾಳವಾಗಿ ಸಿಗುವ ಗೃಹಸ್ಥ. ಬೆಣ್ಣೆಹಳ್ಳ ಬಂದು ಮಲಪ್ರಭೆಯನ್ನು ಕೂಡುವ ಮೆಣಸಗಿ ಸೀಮೆಯಲ್ಲಂತೂ ಓಣಿಗೊಬ್ಬ ಇದ್ದೇ ಇರುತ್ತಾನೆ. ಉತಾರದ ಪ್ರಕಾರ ಅವನಿಗಿರುವುದು ನಾಲ್ಕು ಎಕರೆ, ಮೇಲೆ ಚಿಲ್ಲರೆ ಗುಂಟೆ. ಎರಡೂವರೆಯಿಂದ ಐದು ಎಕರೆಯೊಳಗಿನವನಾದ್ದರಿಂದ ಸರ್ಕಾರದ ಲೆಕ್ಕದಲ್ಲಿ ಸಣ್ಣ ರೈತ. ಮಾತಿನ ಪ್ರಕಾರ ಹಾಗಲ್ಲ. ಬದುವಿನ ಮೇಲೆ ನಿಂತು ‘ಇದೆಲ್ಲಾ ನಮ್ದ’ ಎಂದು ಕೈಬೀಸಿದಾಗ ಆ ಬೀಸಿನೊಳಗೆ ಅಣ್ಣತಮ್ಮಂದಿರ ಪಾಲು, ಲಾವಣಿಗೆ ಹಿಡಿದ ಎರಡೆಕರೆ, ವ್ಯಾಜ್ಯದಲ್ಲಿರುವ ಒಂದು ಪಟ್ಟಿ, ಎಲ್ಲವೂ ಬಂದುಬಿಡುತ್ತವೆ. ಅವನನ್ನು ಗುರುತಿಸುವುದು ಸುಲಭ: ಎತ್ತು ಮಾರಿರುತ್ತಾನೆ, ಟ್ರ್ಯಾಕ್ಟರು ಇನ್ನೂ ತಂದಿರುವುದಿಲ್ಲ. ಈ ನಡುವಿನ ಕಾಲ ಒಂದು ಹಂಗಾಮಿನಿಂದ ಆರೇಳು ವರ್ಷದವರೆಗೆ ನಡೆಯಬಹುದು. ಅವನ ಆಯುಷ್ಯದಲ್ಲಿ ಇದರಷ್ಟು ಸುಖದ ಕಾಲ ಬೇರೆ ಇಲ್ಲ. ಯಾವ ಕಂಪನಿಯ ಗಾಡಿಯೂ ಆಗ ಅವನದೇ.

ಟ್ರ್ಯಾಕ್ಟರು ಆರಿಸುವಾಗ ಮೊದಲು ಕೇಳಬೇಕಾದ್ದು ಹೊಲವನ್ನು. ಸಾವ್ಕಾರ ಅದನ್ನು ಕೊನೆಗೆ ಕೇಳುತ್ತಾನೆ, ಆದ್ದರಿಂದ ಆ ವಿಷಯವನ್ನು ಇಲ್ಲಿಯೇ ಮುಗಿಸುವುದು ಒಳ್ಳೆಯದು. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಮಡಿಕೆ ಹೊಡೆದರೆ ಹೆಂಟೆ ಏಳುತ್ತದೆ. ಮಳೆ ಬಿದ್ದ ಮರುದಿನ ಇಳಿದರೆ ಗಾಲಿಗೆ ಮಣ್ಣು ಸುತ್ತಿಕೊಂಡು ಗಾಡಿ ನಿಂತಲ್ಲೇ ನಿಲ್ಲುತ್ತದೆ. ವರ್ಷಕ್ಕೆ 600 ಮಿ.ಮೀ. ಆಸುಪಾಸಿನ ಮಳೆಯಲ್ಲಿ ಮುಂಗಾರಿಗೆ ಹೆಸರು, ಅದು ಬಂದ ಮೇಲೆ ಹಿಂಗಾರಿಗೆ ಕಡಲೆ ಇಲ್ಲವೆ ಬಿಳಿಜೋಳ. ಇಷ್ಟಕ್ಕೆ ಬೇಕಾದ್ದು ಒಂದು ಸಲ ಮಡಿಕೆ, ಎರಡು ಮೂರು ಸಲ ಹರಗುವುದು, ಎರಡು ಬಿತ್ತನೆ. ಎಕರೆಗೆ ಮಡಿಕೆಗೆ ಎರಡು ತಾಸು, ಉಳಿದದ್ದಕ್ಕೆ ತಾಸಿನ ಒಳಗೆ ಹೊರಗೆ ಎಂದು ಹಿಡಿದರೂ ನಾಲ್ಕೆಕರೆಯ ವರ್ಷದ ಕೆಲಸ 40 ತಾಸು ದಾಟುವುದು ಕಷ್ಟ. ಟ್ರ್ಯಾಕ್ಟರು ತನ್ನ ಹೊಟ್ಟೆ ತಾನು ಹೊರೆದುಕೊಳ್ಳಬೇಕಾದರೆ ವರ್ಷಕ್ಕೆ 1000 ತಾಸು ದುಡಿಯಬೇಕೆಂಬುದು ಕೃಷಿ ಎಂಜಿನಿಯರುಗಳ ಹಳೆಯ ಲೆಕ್ಕ. ಉಳಿದ 960 ತಾಸು ಎಲ್ಲಿಂದ ಬರುತ್ತದೆಂದು ಕೇಳಿದರೆ ಸಾವ್ಕಾರ ‘ಬಾಡಿಗಿ ಹೊಡದ್ರಾತು’ ಎನ್ನುತ್ತಾನೆ. ಓಣಿಯ ಉಳಿದ ಸಾವ್ಕಾರರ ಲೆಕ್ಕದಲ್ಲೂ ಇದೇ 960 ತಾಸಿನ ಬಾಡಿಗೆ ಇದೆ ಎಂಬುದು ಅವನ ಗಮನಕ್ಕೆ ಬಂದಿರುವುದಿಲ್ಲ.

ಹಾಗೆಂದು ಅವನ ಆಸೆಯನ್ನು ಬರೇ ಶೋಕಿ ಎಂದು ತಳ್ಳಿಹಾಕುವಂತಿಲ್ಲ. ಎರೆಹೊಲ ಹದಕ್ಕೆ ಬಂದಿರುವುದು ಎರಡು ಮೂರು ದಿವಸ ಮಾತ್ರ, ಮತ್ತು ಅದು ಇಡೀ ಊರಿಗೆ ಒಮ್ಮೆಗೇ ಬರುತ್ತದೆ. ಆ ದಿನಗಳಲ್ಲಿ ಊರಿನ ಟ್ರ್ಯಾಕ್ಟರುಗಳು ಮೊದಲು ಮಾಲಕರ ಹೊಲದಲ್ಲಿ, ಆಮೇಲೆ ಬೀಗರ ಹೊಲದಲ್ಲಿ, ಆಮೇಲೆ ರೊಕ್ಕ ಮುಂಗಡ ಕೊಟ್ಟವರ ಹೊಲದಲ್ಲಿ ಇರುತ್ತವೆ. 2014ರ ಸುಮಾರಿಗೆ ರಾಜ್ಯ ಸರ್ಕಾರ ಹೋಬಳಿಗೊಂದರಂತೆ ಶುರುಮಾಡಿದ ಕೃಷಿ ಯಂತ್ರಧಾರೆಯಲ್ಲಿ ಬಾಡಿಗೆ ಕಡಿಮೆ, ಹಚ್ಚಬೇಕಾದ ಪಾಳಿ ಮಾತ್ರ ಉದ್ದ. ಕಡಲೆ ಬೆಳೆಯುವುದು ನೆಲದಲ್ಲಿ ಉಳಿದ ಹಸಿಯ ಮೇಲೆ. ನಾಲ್ಕು ದಿನ ತಡವಾದರೆ ಬೀಜಕ್ಕೆ ಸಿಗುವುದು ಒಣ ಮಣ್ಣು. ‘ನಾಳೆ ಬರ್ತೀನ್ರೀ ಸಾವ್ಕಾರ್ರ’ ಎಂಬ ಮಾತನ್ನು ಎರಡು ಹಿಂಗಾರಿ ಸತತವಾಗಿ ಕೇಳಿದವನು ಸಾಲ ಮಾಡಿಯಾದರೂ ಸ್ವಂತ ಗಾಡಿ ತರುತ್ತೇನೆಂದರೆ ಅದು ಹುಚ್ಚಲ್ಲ. ಹುಚ್ಚು ಶುರುವಾಗುವುದು ಯಾವ ಗಾಡಿ ಎಂಬಲ್ಲಿಂದ.

ಆಯ್ಕೆಯ ಮೊದಲ ಘಟ್ಟ ನಡೆಯುವುದು ಚಹಾದಂಗಡಿಯಲ್ಲಿ, ಮಿರ್ಚಿ-ಗಿರಮಿಟ್ಟಿನ ಸಮಕ್ಷಮದಲ್ಲಿ. ರೊಕ್ಕ ಸಾವ್ಕಾರನೇ ಕೊಡುತ್ತಾನೆ, ಸಲಹೆಯೂ ಅವನಿಗೇ ಬರುತ್ತದೆ. ಮಹೀಂದ್ರ ಪಕ್ಷದವರು ಒಂದು ಬೆಂಚಿನಲ್ಲಿ, ಸ್ವರಾಜ್ ಪಕ್ಷದವರು ಎದುರು ಬೆಂಚಿನಲ್ಲಿ. ಇಬ್ಬರೂ ಕುಲದೇವರನ್ನು ವಹಿಸಿಕೊಂಡಷ್ಟು ನಿಷ್ಠೆಯಿಂದ ವಾದಿಸುತ್ತಾರೆ. 1974ರಲ್ಲಿ ಪಂಜಾಬಿನ ಕಾರ್ಖಾನೆಯಿಂದ ಹೊರಬಂದ ಸ್ವರಾಜ್ 2007ರಲ್ಲೇ ಮಹೀಂದ್ರದವರ ಕೈ ಸೇರಿದೆ, ಯಾರು ಗೆದ್ದರೂ ಲಾಭ ಒಂದೇ ಮನೆಗೆ ಎಂಬ ಸಂಗತಿ ವಾದಕ್ಕೆ ಅಡ್ಡಿ ಮಾಡಿಲ್ಲ. ಮ್ಯಾಸ್ಸಿ ದೊಡ್ಡದೋ ಐಷರ್ ದೊಡ್ಡದೋ ಎಂಬ ಮೂಲೆಯ ಜಗಳವೂ ಅಂಥದೇ. ಮ್ಯಾಸ್ಸಿ ಮಾಡುವ ಚೆನ್ನೈನ ಟಾಫೆಯವರು ಐಷರ್ ಟ್ರ್ಯಾಕ್ಟರನ್ನು 2005ರಲ್ಲಿ ಕೊಂಡರು. ಹಸಿರು ಬಣ್ಣದ ಜಾನ್ ಡಿಯರ್ ಬೇಕೆನ್ನುವವನು ಸಾಮಾನ್ಯವಾಗಿ ಹುಡುಗ, ಮತ್ತು ರೊಕ್ಕ ಅವನದಲ್ಲ. ಎಲ್ಲರ ಮಾತು ಮುಗಿದ ಮೇಲೆ ಒಬ್ಬ ಹಿರಿಯರು ಎಚ್‌ಎಂಟಿ ಹೆಸರೆತ್ತುತ್ತಾರೆ. ಕಂಪನಿ ಬೆಂಗಳೂರಿನದು, ಟ್ರ್ಯಾಕ್ಟರು ಆಗುತ್ತಿದ್ದದ್ದು ಹರಿಯಾಣದ ಪಿಂಜೋರಿನಲ್ಲಿ. 2016ರಲ್ಲಿ ಅದು ನಿಂತುಹೋಯಿತು. ಇನ್ನು ಕೊಳ್ಳಲು ಸಿಗುವುದಿಲ್ಲವಾದ್ದರಿಂದ ಅದರಲ್ಲಿ ಯಾವ ದೋಷವೂ ಇಲ್ಲ.

ಎರಡನೆಯ ಘಟ್ಟ ಎಚ್‌ಪಿಯದು. ನಾಲ್ಕೆಕರೆಗೆ ಪವರ್ ಟಿಲ್ಲರ್ ಸಾಕಲ್ಲ ಎಂದು ಹೊರಗಿನವರು ಕೇಳಬಹುದು. ಬೆಂಗಳೂರಿನ ವಿಎಸ್‌ಟಿಯವರು 1967ರಿಂದ ಈ ವ್ಯಾಪಾರದಲ್ಲಿದ್ದಾರೆ, ಮಲೆನಾಡಿನ ಗದ್ದೆಯಲ್ಲಿ ಅದರದೇ ರಾಜ್ಯ. ಬಿಸಿಲಿಗೆ ಬಿರಿದ ಎರೆಯಲ್ಲಿ ಅದರ ಹಿಂದೆ ನಡೆಯುವವನಿಗೆ ಸಂಜೆ ಸ್ವಂತ ಕೈ ಸ್ವಂತದ್ದೆನಿಸುವುದಿಲ್ಲ. ಅಲ್ಲಿಗೆ ಆ ಮಾತು ಮುಗಿಯಿತು. ನಂತರದ್ದು 18ರಿಂದ 28 ಎಚ್‌ಪಿಯ ಮಿನಿ. ಹರಗಲು, ಬಿತ್ತಲು, ಔಷಧ ಹೊಡೆಯಲು, ಗೊಬ್ಬರ ಹೇರಲು ಇದು ಸಾಕು. ರೈತ ಸಂಪರ್ಕ ಕೇಂದ್ರದಲ್ಲಿ ಸಬ್ಸಿಡಿಯ ಮಾತು ನಡೆಯುವುದೂ ಇದರ ಬಗೆಗೇ. ಆಳದ ಮಡಿಕೆಯನ್ನು ಎರಡು ವರ್ಷಕ್ಕೊಮ್ಮೆ ದೊಡ್ಡ ಗಾಡಿಯವರಿಂದ ಬಾಡಿಗೆಗೆ ಮಾಡಿಸಿಕೊಂಡರೆ ನಾಲ್ಕೆಕರೆಯ ಮನುಷ್ಯನಿಗೆ ಇದಕ್ಕಿಂತ ಸರಿಯಾದ ಆಯ್ಕೆ ಇಲ್ಲ. ಸಾವ್ಕಾರನೂ ಇದನ್ನು ಒಪ್ಪುತ್ತಾನೆ. ಶೋರೂಮಿನಲ್ಲಿ ಅದರ ಮೇಲೆ ಹತ್ತಿ ಕೂತಾಗ ಕಾಲು ನೆಲಕ್ಕೆ ಹತ್ತಿರ ಬರುತ್ತದೆ, ಜೊತೆಗೆ ಬಂದ ಬೀಗ ‘ಕರಾ ಇದ್ದಂಗ ಐತಿ ಬಿಡ್ರಿ’ ಎನ್ನುತ್ತಾನೆ. ಆ ಒಂದು ಮಾತಿಗೆ ಮಿನಿಯ ಕತೆ ಮುಗಿಯಿತು.

ಹೀಗೆ 35ಕ್ಕೆ ಏರಿದವನು 45ರವರೆಗೆ ನಿಲ್ಲುವುದಿಲ್ಲ. ಇಲ್ಲಿ ತಿಳಿದಿರಬೇಕಾದ ಸಂಗತಿ ಇಷ್ಟು: ಬಾನೆಟ್ಟಿನ ಮೇಲೆ ಬರೆದಿರುವುದು ಎಂಜಿನ್ನಿನ ಶಕ್ತಿ. ರೋಟವೇಟರ್ ತಿರುಗಿಸುವುದು ಹಿಂದಿನ ಪಿಟಿಒ ಶಾಫ್ಟು, ಅಲ್ಲಿಗೆ ತಲುಪುವಷ್ಟರಲ್ಲಿ ನೂರಕ್ಕೆ ಹದಿನೈದರಷ್ಟು ದಾರಿಯಲ್ಲೇ ಕರಗಿರುತ್ತದೆ. ಐದು ಫೂಟಿನ ರೋಟವೇಟರಿಗೆ 35-40, ಆರು ಫೂಟಿನದಕ್ಕೆ 45-50 ಎಚ್‌ಪಿ ಎಂಜಿನ್ ಬೇಕೆಂಬ ರೂಢಿ ಇದರಿಂದಲೇ ಬಂದದ್ದು. ಎರೆಯಲ್ಲಿ ಎಚ್‌ಪಿಯಷ್ಟೇ ಮುಖ್ಯ ತೂಕ ಮತ್ತು ಹಿಂದಿನ ಟೈರಿನ ಹಿಡಿತ. ಹಗುರಾದ ಗಾಡಿ ಗಾಲಿ ತಿರುವುತ್ತದೆ, ಮುಂದೆ ಹೋಗುವುದಿಲ್ಲ. ಅದಕ್ಕೇ ಟೈರಿಗೆ ನೀರು ತುಂಬಿಸುವುದು, ಗಾಲಿಗೆ ಕಬ್ಬಿಣದ ತೂಕ ಕಟ್ಟುವುದು. ಯಾವ ಮಾದರಿ ಎಷ್ಟು ಎಳೆಯುತ್ತದೆ, ತಾಸಿಗೆ ಎಷ್ಟು ಡೀಸೆಲ್ ಕುಡಿಯುತ್ತದೆ ಎಂಬುದನ್ನೆಲ್ಲ ಮಧ್ಯಪ್ರದೇಶದ ಬುದನಿಯಲ್ಲಿ ಕೇಂದ್ರ ಸರ್ಕಾರದ ಸಂಸ್ಥೆ ಪರೀಕ್ಷಿಸಿ ವರದಿ ಬರೆಯುತ್ತದೆ. ಸಾವ್ಕಾರ ಅಷ್ಟು ದೂರ ಹೋಗುವುದಿಲ್ಲ. ಗಾಡಿ ಚಾಲೂ ಮಾಡಿಸಿ, ಕಣ್ಣು ಮುಚ್ಚಿ, ಸಪ್ಪಳ ಕೇಳುತ್ತಾನೆ.

ಸಪ್ಪಳ ಕೇಳಲು ಅತ್ಯಂತ ಪ್ರಶಸ್ತ ಸ್ಥಳ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳ. ಬಿತ್ತನೆ ಬೀಜ ತರುತ್ತೇನೆಂದು ಮನೆಯಲ್ಲಿ ಹೇಳಿ ಹೋದವನು ಮಳಿಗೆಯಿಂದ ಮಳಿಗೆಗೆ ತಿರುಗಿ, ಪ್ರತಿ ಸೀಟಿನ ಮೇಲೂ ಕೂತು, ಸ್ಟೇರಿಂಗ್ ತಿರುವಿ, ಚೀಲ ತುಂಬ ಕರಪತ್ರ ಹೊತ್ತು ತರುತ್ತಾನೆ. ಬೀಜ ಮರೆತಿರುತ್ತದೆ. ಪ್ರತಿ ಕಂಪನಿಗೂ ಫೋನ್ ನಂಬರ್ ಬರೆದುಕೊಟ್ಟಿರುವುದರಿಂದ ಮುಂದಿನ ಮೇಳದವರೆಗೆ ಗದಗ, ಬಾಗಲಕೋಟಿ, ಹುಬ್ಬಳ್ಳಿಗಳಿಂದ ದಿನಾ ಫೋನು. ‘ಸರ್, ಯಾವಾಗ ಬರ್ತೀರಿ?’ ಎಂದು ವಿನಯದಿಂದ ಕೇಳುವ ಈ ಶೋರೂಮಿನ ಹುಡುಗರ ಹತ್ತಿರ ಅವನು ಮಾತಾಡುವ ಧಾಟಿಯೇ ಬೇರೆ. ಜಗತ್ತಿನಲ್ಲಿ ಅವನನ್ನು ಸರ್ ಎನ್ನುವವರು ಅವರಷ್ಟೇ.

ಮೂರನೆಯ ಘಟ್ಟ ರೊಕ್ಕದ್ದು, ಇಲ್ಲಿ ಹಾಸ್ಯ ಸ್ವಲ್ಪ ಇಳಿಯುತ್ತದೆ. ಹಿಂದೆ ಬ್ಯಾಂಕುಗಳು ಟ್ರ್ಯಾಕ್ಟರ್ ಸಾಲಕ್ಕೆ ಎಂಟು ಎಕರೆ ನೀರಾವರಿ ಜಮೀನಿನ ಅಳತೆಗೋಲು ಇಟ್ಟುಕೊಂಡಿದ್ದವು. ಆ ಕಾಲದಲ್ಲಿ ಸಾವ್ಕಾರನ ಮಾತು ಬಾಗಿಲಲ್ಲೇ ಮುಗಿಯುತ್ತಿತ್ತು. ಈಗ ಖಾಸಗಿ ಫೈನಾನ್ಸಿನವರು ಶೋರೂಮಿನೊಳಗೇ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಬ್ಯಾಂಕಿನ ಬಡ್ಡಿ ಕಡಿಮೆ, ಆದರೆ ಉತಾರಕ್ಕೆ ಬೋಜಾ ಏರುತ್ತದೆ. ಫೈನಾನ್ಸಿನ ಬಡ್ಡಿ ಹೆಚ್ಚು, ಕಾಗದ ಕಡಿಮೆ. ಸಹಕಾರಿ ಸಾಲ ದೇಶದಲ್ಲೇ ಮೊದಲಿಗೆ ಚಿಗುರಿದ್ದು ಇದೇ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ, 1905ರಲ್ಲಿ. ಆದ್ದರಿಂದ ಸಾಲದ ಬಗ್ಗೆ ಇಲ್ಲಿಯ ಜನರಿಗೆ ಪಾಠ ಹೇಳುವ ಅಗತ್ಯವಿಲ್ಲ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿಯಿತು. ಸಾವ್ಕಾರ ಆ ಏಳನ್ನು ಉಳಿಸಲಿಲ್ಲ, ಅದರಷ್ಟೇ ಮೇಲಿನ ಮಾದರಿಗೆ ಏರಿದ. ಅವನ ಲೆಕ್ಕದಲ್ಲಿ ಬಿಟ್ಟುಹೋಗುವುದು ಯಾವಾಗಲೂ ಒಂದೇ: ಗಾಡಿ ಬರೇ ಎಳೆಯುತ್ತದೆ, ಉಳುವುದು ಹಿಂದೆ ಕಟ್ಟಿದ ಸಾಮಾನು. ಪಲ್ಟಿ ನೇಗಿಲು, ಕಲ್ಟಿವೇಟರ್, ರೋಟವೇಟರ್, ಕೂರಿಗೆ, ಟ್ರೇಲರ್ ಎಲ್ಲಾ ಸೇರಿದರೆ ಇನ್ನೊಂದು ಸಾಲದ ಅರ್ಜಿ.

ಈ ಘಟ್ಟದಲ್ಲಿ ಮನೆಯಾಕೆಯ ಅಭಿಪ್ರಾಯವನ್ನೂ ರೂಢಿಗೆಂದು ಕೇಳಲಾಗುತ್ತದೆ. ಆಕೆ ಮೂರೇ ಪ್ರಶ್ನೆ ಹಾಕುತ್ತಾಳೆ. ‘ಎಲ್ಲಿ ನಿಂದ್ರಸ್ತೀರಿ?’ ಎಂಬುದು ಮೊದಲನೆಯದು. ದಂದಕ್ಕಿಯ ಬಾಗಿಲು ಎತ್ತಿನ ಅಳತೆಯದು. ‘ಕಂತು ವರ್ಷಕ್ಕ ಎಷ್ಟ ಸಲ?’ ಎರಡನೆಯದು. ಮೂರನೆಯದು, ‘ಶೆಗಣಿ ಹಾಕತೈತೇನು?’ ಕೇಳಿದವರು ನಗುತ್ತಾರೆ. ನಗುವಂಥದ್ದೇನಿಲ್ಲ. ಎತ್ತು ಹೋದ ಮರುವರ್ಷದಿಂದ ತಿಪ್ಪೆ ಕರಗುತ್ತದೆ, ಗೊಬ್ಬರ ಟ್ರೇಲರಿನ ಲೆಕ್ಕದಲ್ಲಿ ಕೊಳ್ಳುವ ಪದಾರ್ಥವಾಗುತ್ತದೆ. ಟ್ರ್ಯಾಕ್ಟರ್ ಆಯ್ಕೆಯ ಬಗ್ಗೆ ಮೆಣಸಗಿಯಲ್ಲಿ ನಡೆಯುವ ಎಲ್ಲ ಚರ್ಚೆಯಲ್ಲಿ ಹೊಲದ ಪರವಾಗಿ ಬಂದ ಮಾತು ಇದೊಂದೇ ಇರಬಹುದು.

ಗಾಡಿ ಮನೆಗೆ ಬರುವುದು ದಸರೆಗೆ, ಇಲ್ಲವೆ ದೀಪಾವಳಿ ಪಾಡ್ಯಕ್ಕೆ. ಮುಂಗಾರಿಯೊಳಗೆ ಬೇಕಾಗಿದ್ದದ್ದು ಹಬ್ಬಕ್ಕೆ ಬರುತ್ತದೆ. ಅಗಸಿಯಲ್ಲಿ ಕಾಯಿ ಒಡೆದು, ಗಾಲಿಗೆ ನಿಂಬೆಹಣ್ಣು ಇಟ್ಟು, ಬಾನೆಟ್ಟಿಗೆ ಹಾರ ಹಾಕಿ ಓಣಿಯಲ್ಲಿ ತರುತ್ತಾರೆ. ಹುಬ್ಬಳ್ಳಿಯಲ್ಲಿ ಎರಡು ದಿನ ನಿಲ್ಲಿಸಿ ಬರೆಸಿದ ಬರಹದಲ್ಲಿ ಮೇಲೆ ದೇವರ ಹೆಸರು, ನಡುವೆ ತಂದೆತಾಯಿಯ ಆಶೀರ್ವಾದ, ಕೆಳಗೆ ಮೊಮ್ಮಕ್ಕಳ ಹೆಸರು. ಕಂತು ಕಟ್ಟುವವನ ಹೆಸರಿಗೆ ಜಾಗ ಉಳಿದಿರುವುದಿಲ್ಲ. ಎರಡು ಸ್ಪೀಕರು ಕೂಡುತ್ತವೆ. ಹೊಲದಲ್ಲಿ 40 ತಾಸು ಓಡಿದ ವರ್ಷ ಮೀಟರು ಅದಕ್ಕಿಂತ ಎಷ್ಟೋ ಹೆಚ್ಚು ತೋರಿಸುತ್ತದೆ. ಹೊಳೆಆಲೂರಿನ ಸಂತೆ, ಜಾತ್ರೆ, ಮದುವೆಯ ಸಾಮಾನು, ಮಗನ ಗೆಳೆಯರು ಎಲ್ಲ ಅದರಲ್ಲೇ ಸೇರಿದೆ. 2009ರಲ್ಲಿ ಮತ್ತೆ 2019ರಲ್ಲಿ ಹೊಳೆ ಊರೊಳಗೆ ಬಂದಾಗ ದಂಡೆಯ ಊರುಗಳಲ್ಲಿ ಜೋಳದ ಚೀಲ, ಕರು, ಮುದುಕರನ್ನು ಮೇಲಕ್ಕೆ ಸಾಗಿಸಲು ಒದಗಿದ್ದೂ ಇಂಥ ಟ್ರೇಲರುಗಳೇ. ಆಗ ಯಾರೂ ಎಚ್‌ಪಿ ಹೆಚ್ಚಾಯಿತೆಂದು ಆಕ್ಷೇಪಿಸಿದ್ದಿಲ್ಲ.

ಬಾಡಿಗೆಯ 960 ತಾಸು ಬರುವುದಿಲ್ಲ. ಬಂದದ್ದರಲ್ಲಿ ಅರ್ಧ ‘ರಾಶಿ ಆದಮ್ಯಾಲ ಕೊಡ್ತೀನಿ’ ಎಂಬ ಲೆಕ್ಕದಲ್ಲಿ ವಹಿಯಲ್ಲೇ ಉಳಿಯುತ್ತದೆ. ಇನ್ನರ್ಧ ಬೀಗರ ಹೊಲ, ಅಲ್ಲಿ ಡೀಸೆಲ್ ರೊಕ್ಕ ಕೇಳುವುದೂ ಮರ್ಯಾದೆಯಲ್ಲ. ಜೊತೆಗೆ ಇನ್ನೊಂದು ಸಂಗತಿ ಹೊಲದಲ್ಲಿ ಹೊರಬೀಳುತ್ತದೆ. ಜೋಳ, ಕಡಲೆ ಮೊಣಕಾಲಿಗೆ ಬಂದಾಗ ಸಾಲಿನ ನಡುವೆ ಎಡೆ ಹೊಡೆದು ಕಸ ತೆಗೆಯಬೇಕು. ಆ ಸಾಲುಗಳ ಅಂತರ ಕೂರಿಗೆಯದು, ಎತ್ತಿನ ಕಾಲಿಗೆ ಹೊಂದುವಂಥದ್ದು; 45 ಎಚ್‌ಪಿ ಗಾಡಿಯ ಹಿಂದಿನ ಗಾಲಿ ಇಳಿದರೆ ಕಸದೊಂದಿಗೆ ಬೆಳೆಯೂ ಹೋಗುತ್ತದೆ. ಕರಕಿ ಏಳುವುದು ನೋಡಿಯೂ ನಾಲ್ಕು ದಿನ ಸುಮ್ಮನಿದ್ದು, ಐದನೆಯ ದಿನ ಸಾವ್ಕಾರ ಗಳೇದವನ ಮನೆಗೆ ಹೋಗುತ್ತಾನೆ. ಎತ್ತು ಉಳಿಸಿಕೊಂಡವರು ಊರಲ್ಲಿ ಬೆರಳೆಣಿಕೆಯಷ್ಟು, ಹೀಗಾಗಿ ದರ ಅವರು ಹೇಳಿದ್ದು. ದಿನದ ಬಾಡಿಗೆ, ಎತ್ತಿಗೆ ಹೊಟ್ಟು, ಹೊಡೆಯುವವನಿಗೆ ಎರಡು ಹೊತ್ತು ಬುತ್ತಿ, ನಡುವೆ ಚಹಾ. ಬುತ್ತಿಯನ್ನೂ ಚಹಾದ ಕಿಟ್ಲಿಯನ್ನೂ ಸಾವ್ಕಾರ ಹೊತ್ತಿಗೆ ಸರಿಯಾಗಿ ಹೊಲಕ್ಕೆ ಮುಟ್ಟಿಸುತ್ತಾನೆ, ಟ್ರ್ಯಾಕ್ಟರಿನ ಮೇಲೆ.