ಮಾಸ್ತರರ ಶೀತೋಪಚಾರ

ಪ್ರಾಚೀನ ಕಾವ್ಯಗಳಲ್ಲಿ ವಿರಹತಾಪದಿಂದ ಬೆಂದ ನಾಯಿಕೆಗೆ ಸಖಿಯರು ಚಂದನವನ್ನು ಲೇಪಿಸಿ, ತಾವರೆಯೆಲೆಯಿಂದ ಗಾಳಿ ಬೀಸಿ, ಚಂದ್ರಕಾಂತಶಿಲೆಯ ಮೇಲೆ ಮಲಗಿಸಿ ಮಾಡುವ ಶೀತೋಪಚಾರದ ವರ್ಣನೆಗಳನ್ನು ಕಾಲೇಜಿನ ದಿನಗಳಲ್ಲಿ ಓದುತ್ತಿದ್ದಾಗ, ಅಂಥದೇ ಒಂದು ಉಪಚಾರಕ್ಕೆ ನಾನೂ ಸಖಿಯಾಗಿ ನಿಲ್ಲಬೇಕಾದೀತೆಂದು, ಅದೂ ಬೆಳಗಿನ ಐದು ಗಂಟೆಗೆ, ಕಲಬುರಗಿಯ ಖೂಬಾ ಪ್ಲಾಟಿನ ಅಂಗಳವೊಂದರಲ್ಲಿ, ಬನಿಯನ್ನು ಲುಂಗಿಗಳ ವೇಷದಲ್ಲಿ ನಿಲ್ಲಬೇಕಾದೀತೆಂದು ನಾನು ಸ್ವಪ್ನದಲ್ಲಿಯೂ ಎಣಿಸಿರಲಿಲ್ಲ. ನಾಯಿಕೆಯು 1998ನೆಯ ಇಸವಿಯ ಮಾರುತಿ 800. ಶಿಲೆಯು ಶಹಾಬಾದಿನ ಫರ್ಸಿ. ವೈದ್ಯರು ನಮ್ಮ ಎದುರುಮನೆಯ ಮಾಸ್ತರರು.

ತಮ್ಮ ಹಳೆಯ ಕಾರನ್ನು ಯಾವ ಮಿಸ್ತ್ರಿಯ ಕೈಗೂ ಒಪ್ಪಿಸದೆ ಸ್ವಹಸ್ತದಿಂದಲೇ ದುರಸ್ತಿ ಮಾಡಿಕೊಳ್ಳುವ ನಿವೃತ್ತ ಗೃಹಸ್ಥರು ಬಡಾವಣೆಗೊಬ್ಬರಂತೆ ಇದ್ದೇ ಇರುತ್ತಾರೆ. ಜೇಬಿನಲ್ಲಿ ಪೆನ್ನಿನ ಸ್ಥಾನವನ್ನು ಟೆಸ್ಟರು ಆಕ್ರಮಿಸಿರುತ್ತದೆ. ಮದುವೆಮನೆಗೆ ಹೋದರೆ ವಧೂವರರಿಗಿಂತ ಮೊದಲು ಹಿತ್ತಿಲ ಜನರೇಟರಿನ ಯೋಗಕ್ಷೇಮವನ್ನು ವಿಚಾರಿಸುತ್ತಾರೆ. ಯಾವ ಯಂತ್ರವನ್ನು ಬಿಚ್ಚಿ ಕೂಡಿಸಿದರೂ ಕೊನೆಗೆ ಎರಡು ಸ್ಕ್ರೂ ಉಳಿದು, ಆ ಎರಡು ಮೊದಲಿನಿಂದಲೂ ಅನಾವಶ್ಯಕವಾಗಿದ್ದುವೆಂಬ ಸಿದ್ಧಾಂತ ಸ್ಥಾಪಿತವಾಗುತ್ತದೆ. ಇವರು ಸರ್ವಸ್ವತಂತ್ರರು, ಯಾರ ಸಹಾಯವನ್ನೂ ಅಪೇಕ್ಷಿಸುವವರಲ್ಲ. ಟಾರ್ಚು ಹಿಡಿಯಲು ಒಬ್ಬ ಮನುಷ್ಯ ಮಾತ್ರ ಬೇಕು. ಹದಿನೈದು ವರ್ಷಗಳಿಂದ ಆ ಮನುಷ್ಯನು ನಾನಾಗಿದ್ದೇನೆ.

ಎರಡು ವರ್ಷಕ್ಕೊಮ್ಮೆ, ಶರಣಬಸವೇಶ್ವರರ ಜಾತ್ರೆ ಮುಗಿದು, ತೇರು ಎಳೆದವರ ಕೈನೋವು ಇನ್ನೂ ಇಳಿಯುವ ಮೊದಲೇ, ಒಂದು ಬೆಳಗಿನ ಜಾವದಲ್ಲಿ ನಮ್ಮ ಗೇಟಿನ ಕಬ್ಬಿಣದ ಮೇಲೆ ಪಾನಾದ ಟಣ್ ಟಣ್ ಸದ್ದು ಕೇಳುತ್ತದೆ.

“ತಮ್ಮಾ, ಬ್ಯಾಟ್ರಿ ತಗೊಂಡ್ ಬಾ. ಬರೇ ಎರಡು ನಿಮಿಷದ ಕೆಲಸ ಅದ.”

ನನಗೆ ಐವತ್ತನಾಲ್ಕು ತುಂಬಿದೆ; ಮಗಳ ಮದುವೆಯಾಗಿದೆ; ಆದರೂ ಮಾಸ್ತರರಿಗೆ ನಾನು ತಮ್ಮನೇ. ಎರಡು ನಿಮಿಷವೆಂಬುದು ಅವರ ಪಂಚಾಂಗದಲ್ಲಿ ಸೂರ್ಯನು ನೆತ್ತಿಗೆ ಬರುವವರೆಗಿನ ಅವಧಿ. ಐದು ಗಂಟೆಗೇ ಏಕೆಂದು ಮೊದಲ ವರ್ಷ ಕೇಳಿದ ತಪ್ಪಿಗೆ ಮುಕ್ಕಾಲು ಗಂಟೆಯ ಉಪನ್ಯಾಸವಾಯಿತು. ರೇಡಿಯೇಟರಿನ ಮುಚ್ಚಳವು ಕೇವಲ ಮುಚ್ಚಳವಲ್ಲ, ಕುಕ್ಕರಿನ ಮೇಲಿನ ತೂಕದಂತೆ ಒತ್ತಡವನ್ನು ಹಿಡಿದಿಡುವ ಸಾಧನ. ಆ ಒತ್ತಡವಿದ್ದುದರಿಂದಲೇ ಒಳಗಿನ ದ್ರವವು ನೂರು ಡಿಗ್ರಿ ದಾಟಿದರೂ ಕುದಿಯದೆ ತಾಳಿಕೊಂಡಿರುತ್ತದೆ. ಬಿಸಿಯಾಗಿರುವಾಗ ಅದನ್ನು ತಿರುವಿದರೆ ಒತ್ತಡ ಬಿದ್ದ ಕ್ಷಣವೇ ದ್ರವವೆಲ್ಲ ಕುದಿದು ಮುಖಕ್ಕೆ ಚಿಮ್ಮುತ್ತದೆ. ಆದಕಾರಣ ಎಂಜಿನ್ನು ಪೂರ್ಣವಾಗಿ ತಣಿದಿರಬೇಕು; ಬೇಸಗೆಯ ಕಲಬುರಗಿಯಲ್ಲಿ ಯಾವ ವಸ್ತುವಾದರೂ ಪೂರ್ಣವಾಗಿ ತಣಿದಿರುವುದು ಬೆಳಗಿನ ಐದಕ್ಕೆ ಮಾತ್ರ.

“ತಿಳೀತಾ?”

“ತಿಳೀತ್ರಿ ಸರ್.”

ಮೂವತ್ತೆರಡು ವರ್ಷ ಭೌತಶಾಸ್ತ್ರವನ್ನು ಬೋಧಿಸಿದವರ “ತಿಳೀತಾ”ಗೆ ಬೇರೆ ಉತ್ತರವೇ ಇಲ್ಲ.

ಕೆಳಗಿನ ಡ್ರೇನ್ ಪ್ಲಗ್ಗನ್ನು ಸಡಿಲಿಸಿ ಹಳೆಯ ಕೂಲಂಟನ್ನು ಇಳಿಸುವಾಗ ಅದು ಸುರಿಯುವುದು ಮಾಸ್ತರರ ಮಡದಿ ವೈನಿಯವರ ಪರಾತಕ್ಕೆ. ರೊಟ್ಟಿಯ ಹಿಟ್ಟು ನಾದುವ ಪರಾತವದು; ಒಮ್ಮೆ ಹೀಗೆ ಬಳಸಿದ ಮೇಲೆ ಅದು ಅಡಿಗೆಮನೆಗೆ ಹಿಂದಿರುಗುವಂತಿಲ್ಲ, ಏಕೆಂದರೆ ಕೂಲಂಟಿನ ಗ್ಲೈಕಾಲು ರುಚಿಗೆ ಸಿಹಿ, ಪರಿಣಾಮದಲ್ಲಿ ವಿಷ; ನಾಯಿಯೊಂದು ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತದೆ. ಇದನ್ನು ಬಲ್ಲ ಮಾಸ್ತರರು ಗಟಾರಕ್ಕೆ ಒಂದು ಹನಿಯನ್ನೂ ಬಿಡುವುದಿಲ್ಲ. ಹಾಗಾದರೆ ಯಾರಿಗೆ ಒಪ್ಪಿಸಬೇಕೆಂಬುದು ತಿಳಿಯದೆ, ಅದನ್ನೆಲ್ಲ ಡಬ್ಬಿಗಳಲ್ಲಿ ತುಂಬಿ, ಮೇಲೆ ಇಸವಿಯ ಚೀಟಿ ಅಂಟಿಸಿ, ಕೋಣೆಯ ಅಟ್ಟದ ಮೇಲೆ ಇರಿಸಿದ್ದಾರೆ. 2011, 2013, 2015: ಪತ್ರಾಗಾರದ ಕಡತಗಳಂತೆ ಸಾಲುಗೊಂಡಿರುವ ಆ ಡಬ್ಬಿಗಳಿಂದಾಗಿ ಉಪ್ಪಿನಕಾಯಿಯ ಭರಣಿಗಳು ಮಂಚದ ಕೆಳಗೆ ವಾಸಿಸುತ್ತಿವೆಯೆಂಬುದು ವೈನಿಯವರ ಶಾಶ್ವತ ದೂರು, ಐದು ಪರಾತಗಳು ಹೋದುವೆಂಬುದು ಎರಡನೆಯದು.

ಆಮೇಲೆ ನೀರು ತುಂಬಿ, ಎಂಜಿನ್ನನ್ನು ಓಡಿಸಿ, ಮತ್ತೆ ಇಳಿಸಿ, ಬರುವ ನೀರು ತಿಳಿಯಾಗುವತನಕ ಇದೇ ಆವೃತ್ತಿ. ಒಳಗಿನ ಥರ್ಮೋಸ್ಟಾಟು ಎಂಬತ್ತೆರಡು ಡಿಗ್ರಿಯ ಸುಮಾರಿಗೆ ಬಾಯಿ ತೆರೆಯುವವರೆಗೆ ನೀರು ರೇಡಿಯೇಟರಿಗೆ ಬಾರದಾದ್ದರಿಂದ, ಮಾಸ್ತರರು ಮೇಲಿನ ಹೋಸ್ ಪೈಪಿನ ಮೇಲೆ ಮೂರು ಬೆರಳನ್ನಿಟ್ಟು, ಕಣ್ಣು ಮುಚ್ಚಿ, ನಾಡಿ ನೋಡುವ ವೈದ್ಯರಂತೆ ಅದು ಬಿಸಿಯಾಗುವುದನ್ನು ಕಾಯುತ್ತಾರೆ. ಆ ಸಮಯದಲ್ಲಿ ಸೀನುವುದೂ ಅಪಚಾರ.

ಒಮ್ಮೆ ನಾನು ಅಭಿಮಾನದಿಂದ, ನನ್ನ ಕಾರಿಗೆ ಮನೆಯ ಬೋರಿನ ನೀರನ್ನೇ ಹಾಕುತ್ತೇನೆ, ಎರಡು ವರ್ಷವಾದರೂ ಏನೂ ಆಗಿಲ್ಲವೆಂದು ಹೇಳಿಕೊಂಡೆ. ನಮ್ಮ ಜಿಲ್ಲೆ ಸುಣ್ಣಗಲ್ಲಿನ ಸೀಮೆ. ವಾಡಿ, ಸೇಡಂಗಳ ಸಿಮೆಂಟು ಕಾರ್ಖಾನೆಗಳು ಬದುಕಿರುವುದು ಅದರಿಂದ, ನಾವು ಮೆಟ್ಟುವ ಶಹಾಬಾದಿನ ಫರ್ಸಿಯೂ ಅದೇ. ಇಲ್ಲಿಯ ಗಡಸುನೀರು ಕಾದಲ್ಲೆಲ್ಲ ಸುಣ್ಣವನ್ನು ಬಿಟ್ಟು ಹೋಗುತ್ತದೆ. ಮಾಸ್ತರರು ಕನ್ನಡಕವನ್ನು ಹಣೆಗೇರಿಸಿ ನನ್ನನ್ನು ನೋಡಿ, “ರೇಡಿಯೇಟರಿನಾಗ ಫರ್ಸಿ ಹಾಸ್ಲತ್ತೀದಿ ಏನು?” ಎಂದರು. ಮುಂದಿನ ವರ್ಷ ನನ್ನ ರೇಡಿಯೇಟರು ಕಟ್ಟಿಕೊಂಡು, ಹೊಸದಕ್ಕೆ ದುಡ್ಡು ತೆತ್ತು ಬಂದ ದಿನ ಅವರು ಏನೂ ಅನ್ನಲಿಲ್ಲ. ಅಂದಿದ್ದರೆ ಲೇಸಾಗುತ್ತಿತ್ತು.

ಅಂದಿನಿಂದ ಬ್ಯಾಟರಿ ಅಂಗಡಿಯಿಂದ ಡಿಸ್ಟಿಲ್ಡ್ ವಾಟರಿನ ಕ್ಯಾನುಗಳನ್ನು ಹೊತ್ತು ತರುವ ಹೊಣೆಯೂ ನನ್ನದಾಯಿತು. ಅರ್ಧ ಕೂಲಂಟು, ಅರ್ಧ ನೀರು. ಬರೀ ಕೂಲಂಟನ್ನೇ ಸುರಿದರೆ ಇನ್ನೂ ಶ್ರೇಷ್ಠವಲ್ಲವೆ ಎಂದರೆ, ಅಲ್ಲ. ಉಷ್ಣವನ್ನು ಹೊರುವ ಶಕ್ತಿ ನೀರಿಗೇ ಹೆಚ್ಚು, ಅದು ಕುದಿಯದಂತೆಯೂ ಲೋಹಕ್ಕೆ ತುಕ್ಕು ಹಿಡಿಸದಂತೆಯೂ ಕಾಯುವುದಷ್ಟೇ ಮತ್ತೊಂದರ ಕೆಲಸ. ಈ ಸಮಭಾಗದ ಮಿಶ್ರಣವು ಸೊನ್ನೆಗಿಂತ 37 ಡಿಗ್ರಿ ಕೆಳಗಿನವರೆಗೆ ಹೆಪ್ಪುಗಟ್ಟುವುದಿಲ್ಲ. ಮೇ ತಿಂಗಳಲ್ಲಿ 43 ಡಿಗ್ರಿಯಲ್ಲಿ ಬೇಯುವ ಊರಿನ ಜನರು ಈ ಆಶ್ವಾಸನೆಯಿಂದ ಎಷ್ಟು ನಿಶ್ಚಿಂತರಾಗಬಹುದೆಂಬುದನ್ನು ವಾಚಕರೇ ಊಹಿಸಲಿ.

ಈಗ ಕಮಲಾಪುರದ ಪ್ರಕರಣ. ಇದನ್ನು ಹೇಳುವುದಕ್ಕೆಂದೇ ಇಷ್ಟು ದೂರ ಬಂದೆನೆಂಬುದನ್ನು ಜಾಣರು ಆಗಲೇ ಕಂಡುಕೊಂಡಿರಬಹುದು.

ಆ ವರ್ಷ ಜಾತ್ರೆಯ ನಂತರ ಮಾಸ್ತರರಿಗೆ ಜ್ವರ ಬಂದುದರಿಂದ ಶೀತೋಪಚಾರವು ಮೇ ತಿಂಗಳಿಗೆ ಮುಂದೆ ಹೋಗಿತ್ತು. ಅದಾದ ಮೂರನೆಯ ದಿನ, ವೈನಿಯವರಿಗೆ ಕಮಲಾಪುರದ ಕೆಂಪು ಬಾಳೆಹಣ್ಣಿನ ಬಯಕೆಯಾಗಿ, ನಾವು ಮೂವರೂ ಹುಮನಾಬಾದ್ ರಸ್ತೆ ಹಿಡಿದೆವು. ಹೋಗುವಾಗ ಎಲ್ಲವೂ ಸುಗಮ. ಮೂರು ಡಜನ್ ಹಣ್ಣನ್ನು ನನ್ನ ತೊಡೆಯ ಮೇಲೇರಿಸಿಕೊಂಡು ನಡುಮಧ್ಯಾಹ್ನ ಹಿಂದಿರುಗುತ್ತಿರಲು, ಮಹಾಗಾಂವ ಕ್ರಾಸು ಇನ್ನೂ ಮುಂದಿರುವಾಗಲೇ ಮೀಟರಿನ ಮುಳ್ಳು ನಡುವನ್ನು ಬಿಟ್ಟು ಮೇಲಕ್ಕೇರತೊಡಗಿತು.

“ಹೀಟರ್ ಹಚ್ಚು ತಮ್ಮಾ,” ಎಂದರು ಮಾಸ್ತರರು.

ಆ ಕಾರಿನ ಎ.ಸಿ. ತೀರಿಕೊಂಡು ಒಂದು ದಶಕವಾಗಿತ್ತು. ಹೀಟರು ಮಾತ್ರ ಚಿರಂಜೀವಿ. ಉಷ್ಣದಿಂದ ಮಾಸ್ತರರ ಬುದ್ಧಿಗೇ ಏನೋ ಆಯಿತೆಂದು ನಾನು ವೈನಿಯವರ ಕಡೆ ತಿರುಗಿ ನೋಡಿದೆ. ನಲವತ್ತು ವರ್ಷಗಳ ದಾಂಪತ್ಯದ ಅನುಭವವುಳ್ಳ ಆಕೆ ಆಗಲೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕಣ್ಣು ಮುಚ್ಚಿದ್ದರು. ಹೀಟರೆಂಬುದು ಎರಡನೆಯದೊಂದು ಪುಟ್ಟ ರೇಡಿಯೇಟರೇ, ಎಂಜಿನ್ನಿನ ತಾಪವನ್ನು ಅದು ನಮ್ಮ ಕಡೆಗೆ ಹೊರಹಾಕುತ್ತದೆ, ನಾವು ಬೆಂದಷ್ಟೂ ಅದು ತಣಿಯುತ್ತದೆಂಬ ಪಾಠ ಆರಂಭವಾಯಿತು. ಮೊದಲ ಅರ್ಧ ಕಿಲೋಮೀಟರು ಬಂದುದು ಹೊರಗಿನಷ್ಟೇ ಬಿಸಿಯ ಗಾಳಿ. ಅನಂತರ ಡ್ಯಾಶ್‌ಬೋರ್ಡಿನ ಗರ್ಭದಲ್ಲಿ ಗುಳುಗುಳು ಎಂಬೊಂದು ಶಬ್ದವಾಗಿ, ರೊಟ್ಟಿಯ ಹಂಚಿನ ಮೇಲೆ ಮುಖವಿಟ್ಟಂತಹ ಝಳವು ನುಗ್ಗಿತು. ಮುಳ್ಳು ಇಳಿಯಿತು. ಖೂಬಾ ಪ್ಲಾಟ್ ಸೇರಿದಾಗ ನನ್ನ ತೊಡೆಯ ಮೇಲಿನ ಹಣ್ಣುಗಳು ಸೀಕರಣೆಗೆ ಮಾತ್ರ ಯೋಗ್ಯವಾಗಿದ್ದುವು. ನಾನು ಯಾವುದಕ್ಕೂ ಯೋಗ್ಯನಾಗಿರಲಿಲ್ಲ.

“ತಿಳೀತಾ?”

“ತಿಳೀತ್ರಿ ಸರ್.”

ಆ ಸಲ ಮಾತ್ರ ನಿಜವಾಗಿಯೂ ತಿಳಿದಿತ್ತು. ಹೊಸ ಕೂಲಂಟು ತುಂಬಿದ ಮೇಲೆ, ಮುಚ್ಚಳ ತೆರೆದಿಟ್ಟು ಎಂಜಿನ್ನು ಓಡುತ್ತಿರುವಾಗ, ಹೋಸ್ ಪೈಪನ್ನು ಮೆತ್ತಗೆ ಹಿಚುಕುತ್ತ ಒಳಗೆ ಸಿಕ್ಕಿಕೊಂಡ ಗಾಳಿಯ ಗುಳ್ಳೆಗಳು ನಿಲ್ಲುವತನಕ ಹೊರಡಿಸಬೇಕಾದ ಕೆಲಸವನ್ನು ಮಾಸ್ತರರು ಅಂದು ನನಗೆ ವಹಿಸಿ, ಬಚ್ಚಲಿಗೆ ಹೋಗಿದ್ದರು. ಅಷ್ಟರಲ್ಲಿ ಬೀಗರ ಫೋನು ಬಂತು. ಗುಳ್ಳೆಗಳು ಇನ್ನೂ ಏಳುತ್ತಿದ್ದುವು. ನಾನು ಮುಚ್ಚಳವನ್ನು ತಿರುವಿ, “ಆಯ್ತ್ರಿ ಸರ್” ಎಂದೆ. ಹೀಟರಿನಲ್ಲಿ ಗುಳುಗುಳಿಸಿದ್ದು ಆ ನನ್ನ ಗುಳ್ಳೆಯೇ. ಆದರೆ ಮಾಸ್ತರರು ದೋಷವನ್ನು ಥರ್ಮೋಸ್ಟಾಟಿಗೆ ಹೊರಿಸಿ, ಹೊಸದನ್ನು ಕೊಂಡು ತಂದು, ಮರುವಾರ ಬೆಳಗಿನ ಐದಕ್ಕೆ ಗೇಟು ಬಡಿದರು. ಎರಡು ಗಂಟೆ ಟಾರ್ಚು ಹಿಡಿದು ನಾನು ಪ್ರಾಯಶ್ಚಿತ್ತ ಮಾಡಿಕೊಂಡೆ. ಸತ್ಯವನ್ನು ಇದುವರೆಗೆ ಹೇಳಿಲ್ಲ. ಅವರು ಪತ್ರಿಕೆ ಓದುತ್ತಾರೆ, ಇಲ್ಲಿಯೇ ಓದಿಕೊಳ್ಳಲಿ.

ಬೆಂಗಳೂರಿನಲ್ಲಿರುವ ಮಗನು ಆ ಕಾರನ್ನು ಗುಜರಿಗೆ ಹಾಕಿ ಹೊಸದು ಕೊಡಿಸುವೆನೆಂದು ಪ್ರತಿ ದೀಪಾವಳಿಗೂ ಹೇಳಿ ಹೋಗುತ್ತಾನೆ. ಮಾಸ್ತರರು ಹೂಂ ಎಂದು, ಅವನ ರೈಲು ಹೊರಟ ಮೇಲೆ ಬಾನೆಟ್ಟು ತೆಗೆಯುತ್ತಾರೆ. ಹೊಸ ಕಾರಿನ ಬಾನೆಟ್ಟು ತೆರೆದರೆ ಕಾಣುವುದು ಪ್ಲಾಸ್ಟಿಕ್ಕಿನ ಒಂದು ಹೊದಿಕೆ. ಅದರೆದುರು ನಿಂತು ಯಾರಿಗೆ ಏನನ್ನು ಕಲಿಸುವುದು? ಅರವತ್ತು ಹುಡುಗರಿದ್ದ ತರಗತಿ ಒಬ್ಬನಿಗಿಳಿದಿದೆ. ಆ ಒಬ್ಬನೂ ದಡ್ಡ, ಗುಳ್ಳೆ ಕದ್ದವನು. ಕೆಲವು ಬೆಳಗು ಟಣ್ ಟಣ್ ಕೇಳುವ ಮುಂಚೆಯೇ ನನಗೆ ಎಚ್ಚರವಾಗಿರುತ್ತದೆಂಬುದನ್ನು ಹೆಂಡತಿಗೆ ಹೇಳಿಲ್ಲ.

ಈ ಸಲ ಜಾತ್ರೆಯ ನಂತರ ಮಾಸ್ತರರಿಗೆ ಮೊಣಕಾಲು ಮಡಿಸಿ ಕೂಡಲಾಗಲಿಲ್ಲ. ಒಂದು ಕ್ಷಣ ಕಾರನ್ನೂ ಫರ್ಸಿಯನ್ನೂ ನೋಡಿ, ಪಾನಾವನ್ನು ನನ್ನ ಕೈಗಿತ್ತು, ಟಾರ್ಚನ್ನು ತಾವು ತೆಗೆದುಕೊಂಡರು. ನಾನು ಆರನೆಯ ಪರಾತದೊಡನೆ ಬಂಪರಿನ ಕೆಳಗೆ ತೂರಿದೆ. ಡ್ರೇನ್ ಪ್ಲಗ್ಗಿದ್ದಲ್ಲಿ ಗಾಢಾಂಧಕಾರ. ಬೆಳಕೆಲ್ಲ ನನ್ನ ಮೊಣಕೈಯ ಮೇಲೆ, ಆಮೇಲೆ ಗೋಡೆಯ ಮೇಲೆ, ಆಮೇಲೆ ತುಳಸೀಕಟ್ಟೆಯ ಮೇಲೆ. ಹದಿನೈದು ವರ್ಷ ಕೇಳಿಸಿಕೊಂಡ ಮಾತು ನಾಲಗೆಯ ತುದಿಗೆ ತಾನಾಗಿಯೇ ಬಂತು.

“ಸರ್, ಬ್ಯಾಟ್ರಿ ನೆಟ್ಟಗ ಹಿಡೀರಿ.”

“ನೀ ಮೊದಲ ಪಾನಾ ನೆಟ್ಟಗ ಹಿಡಿ,” ಎಂದಿತು ಮೇಲಿನಿಂದ ಧ್ವನಿ.