ಬೆಳಗೊಳ ಸೀಮೆಯ ಕಂಕಣವಂಚಿತರು: ಒಂದು ಬಹುಶಿಸ್ತೀಯ ಪೂರ್ವಪೀಠಿಕೆ

ಬೆಳಗೊಳದಿಂದ ನಾಗಮಂಗಲದವರೆಗಿನ ಕಬ್ಬು-ಭತ್ತ ಸಂಕಥನದೊಳಗೆ, ಮೂವತ್ತೈದು ದಾಟಿದ ಅವಿವಾಹಿತ ಪುರುಷದೇಹವು ಸಂಜೆ ಏಳರ ನಂತರ ಅನುಭವಿಸುವ 'ಸಾಂಗತ್ಯಶೂನ್ಯಾತ್ಮಕ ನಿರ್ವಾತ'ಕ್ಕೆ ಈ ಪ್ರಬಂಧವು ಮುಖಾಮುಖಿಯಾಗುತ್ತದೆ. (ಮುಖಾಮುಖಿಯಾಗದವರಿಗೆ ಸೆಮಿನಾರಿನಲ್ಲಿ ಊಟದ ಕೂಪನ್ ಕೊಡುವುದಿಲ್ಲ.)

ಒಂಟಿಗರಲ್ಲಿ ಐದು ವರ್ಗ. ಒಂದು, ಅರಳಿಕಟ್ಟೀಯ: ಮೊಬೈಲಿನಲ್ಲಿ ಬೇರೆಯವರ ಮದುವೆ ನೋಡಿ ಊಟದ ಎಲೆ ವಿಮರ್ಶಿಸುವವನು. ಬೆಳಗೊಳದ ಕಾಗದ ಕಾರ್ಖಾನೆ ಮುಚ್ಚದಿದ್ದರೆ ಹೆಣ್ಣಿನವರ ಮುಂದೆ 'ಫ್ಯಾಕ್ಟ್ರಿ ಕೆಲಸ' ಎಂದಾದರೂ ಹೇಳುತ್ತಿದ್ದ. ಎರಡು, ಡೈರೀಯ: ಎರಡು ಲೀಟರ್ ಹಾಲು ಹಾಕಲು ಹೋಗಿ ಎರಡು ಗಂಟೆ ನಿಲ್ಲುವವನು. ಮನೆಯಲ್ಲಿ ಮಾತಾಡಿಸಲು ಇರುವುದು ಹಸುವೊಂದೇ, ಅದರ ಜತೆಗಿನ ಮಾತು ಬೆಳಗ್ಗೆಯೇ ಮುಗಿದಿರುತ್ತದೆ. ಮೂರು, ಪಾದಯಾತ್ರೀಯ: 2023ರ ಫೆಬ್ರುವರಿಯಲ್ಲಿ ಹೆಣ್ಣು ಸಿಗಲೆಂದು ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದ ಬ್ರಹ್ಮಚಾರಿಗಳು. ಮಾದಪ್ಪನ ಮೇಲೆ ಬಿದ್ದ ಹೊರೆ ಎಷ್ಟೆಂದು ತಿಳಿಯಲು ನಾಗಮಂಗಲ ತಾಲ್ಲೂಕಿಗೆ ಹೋಗಬೇಕು. 2022ರ ನವೆಂಬರಿನಲ್ಲಿ ಆದಿಚುಂಚನಗಿರಿಯ ವಧು-ವರರ ಸಮಾವೇಶಕ್ಕೆ ಹುಡುಗಿಯರು 250ರ ಆಸುಪಾಸು, ಹುಡುಗರು 10,000ದ ಮೇಲೆ ಎಂದು ಪತ್ರಿಕೆಗಳು ಬರೆದವು.

ನಾಲ್ಕನೆಯವನೂ ಐದನೆಯವನೂ ಇವರೇ, ಪಂಚೆ ಬದಲಿಸಿದ್ದಾರೆ, ಅಷ್ಟೆ.

ಇನ್ನು ಪರಿಹಾರಮೀಮಾಂಸೆ. "ನಿಮ್ಮನ್ನು ನೀವೇ ಪ್ರೀತಿಸಿ, ಹವ್ಯಾಸ ಬೆಳೆಸಿಕೊಳ್ಳಿ, ಪ್ರಕೃತಿಯೊಡನೆ ಬೆರೆಯಿರಿ" ಎಂದರು ತಜ್ಞರೊಬ್ಬರು. ರಾತ್ರಿಯೆಲ್ಲ ಗದ್ದೆಗೆ ನೀರು ಕಟ್ಟಿ ಬಂದಿದ್ದವನು "ಜಾಸ್ತೀನೇ ಬೆರ್ತೋಗಿವ್ನಿ ಸಾ" ಎಂದ.

ಈ ನಿರ್ವಾತದ ಮೂಲವನ್ನು ಫ್ರೆಂಚ್ ತತ್ವಶಾಸ್ತ್ರದಲ್ಲಿ ಹುಡುಕಬೇಕಿಲ್ಲ. 2023ರ ಕೊನೆಯಲ್ಲಿ ಬಯಲಾಯಿತಲ್ಲ, ಮಂಡ್ಯದ ಬಳಿ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಹೆಣ್ಣುಭ್ರೂಣ ಪತ್ತೆ ಮಾಡುತ್ತಿದ್ದ ಜಾಲ. ಬೆಲ್ಲ ಕಾಯಿಸುವ ಜಾಗದಲ್ಲಿ! 2024ರ ಮೇ ತಿಂಗಳಲ್ಲಿ ಪಾಂಡವಪುರದ ಆರೋಗ್ಯ ಇಲಾಖೆಯ ವಸತಿಗೃಹದಲ್ಲೇ ಭ್ರೂಣಹತ್ಯೆ ಪ್ರಕರಣ ಹೊರಬಿತ್ತು. ದುಡ್ಡು ಎಣಿಸಿಕೊಟ್ಟು ಒಳಗೆ ಕಳಿಸಿದವರು ಯಾರು? ನಾವೇ. ಈಗ ಮಗನ ಜಾತಕ ಹಿಡಿದು ಜೋಯಿಸರ ಮುಂದೆ ಕೂತಿರುವವರೂ ನಾವೇ.

ಹುಟ್ಟಿ ಉಳಿದವಳು "ಬೇಸಾಯದವನು ಬೇಡ" ಎಂದರೆ ಸೊಕ್ಕಂತೆ. ಅವ್ವ ಸಗಣಿ ಬಾಚಿ, ನಾಟಿ ಹಾಕಿ, ಕಳೆ ಕಿತ್ತು, ಪಹಣಿಯಲ್ಲಿ ಹೆಸರಿಲ್ಲದೆ ತೀರಿಕೊಂಡದ್ದನ್ನು ಕಂಡವಳು ಅವಳು. ಈ ವಿಷಯದಲ್ಲಿ ಸರಿಯಾದ ಕ್ಷೇತ್ರಕಾರ್ಯ ಮಾಡಿರುವವಳು ಅವಳೊಬ್ಬಳೇ.

ಲಿಂಗಪತ್ತೆ ತಡೆಯಲು ಕಾಯ್ದೆ ಬಂದದ್ದು 1994ರಲ್ಲಿ. ಆ ವರ್ಷ ಹುಟ್ಟಿದ ಹುಡುಗನಿಗೆ ಈಗ ಮೂವತ್ತು ದಾಟಿದೆ. ಅವನ ಓರಗೆಯವಳನ್ನು ಹುಟ್ಟಲು ಬಿಡದೆ, ಇವತ್ತು ಅವನಿಗೆ ಹವ್ಯಾಸ ಬೆಳೆಸಿಕೋ ಅನ್ನುತ್ತೀರಲ್ಲ, ಯಾವ ಬಾಯಲ್ಲಿ?