ಸದ್ದಿನ ವಿಳಾಸ

ಹಳೇ ಕಾರಿಗೆ ಎಸಿ ಹಾಕಿಸುವುದರಲ್ಲಿ ಯಾರೂ ಮುಂಚಿತವಾಗಿ ಹೇಳದ ಒಂದು ಅಪಾಯವಿದೆ: ಗಾಜು ಏರಿಸಬೇಕಾಗುತ್ತದೆ. ಗಾಜು ಇಳಿದಿರುವಷ್ಟು ಕಾಲ ಬಸ್ಸಿನ ಹಾರನ್ನು, ಸೌತೆಕಾಯಿ ಮಾರುವವನ ಕೂಗು, ಗಾಳಿಯ ಭರಾಟೆ ಎಲ್ಲ ಸೇರಿ ಕಾರಿನ ಸ್ವಂತ ನರಳಾಟವನ್ನು ಮುಚ್ಚಿಹಾಕಿರುತ್ತವೆ. ಏರಿಸಿದಿರೋ, ಇಷ್ಟು ವರ್ಷ ಮರ್ಯಾದೆಯಿಂದ ಹೊರಗೇ ನಿಂತಿದ್ದ ಸದ್ದುಗಳೆಲ್ಲ ಒಳಗೆ ಬಂದು ಹಿಂದಿನ ಸೀಟಿನಲ್ಲಿ ಕೂತುಬಿಡುತ್ತವೆ.

ನಮ್ಮ ಭಾವನವರ ಪ್ರೀಮಿಯರ್ ಪದ್ಮಿನಿಯಲ್ಲಿ ಆದದ್ದೂ ಅದೇ. ಆರ್‌ಸಿ ಪುಸ್ತಕದಲ್ಲಿ ಪದ್ಮಿನಿಯಾದರೂ ಮನೆಯವರ ಬಾಯಲ್ಲಿ ಅದು ಫಿಯಟ್ಟೇ. 1089 ಸಿಸಿ ಎಂಜಿನ್ನು, ಸ್ಟೀರಿಂಗಿನ ಪಕ್ಕದಲ್ಲೇ ಗೇರು, ಮುಂಬಾಗಿಲಲ್ಲೊಂದು ತ್ರಿಕೋನದ ಪುಟ್ಟ ಗಾಜು. ಆ ಗಾಜನ್ನು ತಿರುಗಿಸಿಟ್ಟರೆ ಗಾಳಿ ನೇರ ಮುಖಕ್ಕೇ ನುಗ್ಗುತ್ತಿತ್ತು; ಆ ಕಾಲಕ್ಕೆ ಅಷ್ಟೇ ಎಸಿ. ನಿವೃತ್ತಿಯ ದುಡ್ಡು ಕೈಗೆ ಬಂದ ಹುಮ್ಮಸ್ಸಿನಲ್ಲಿ ಭಾವ ಡ್ಯಾಶ್‌ಬೋರ್ಡಿನ ಕೆಳಗೆ ನಿಜವಾದ ಎಸಿಯೊಂದನ್ನು ತೂಗುಹಾಕಿಸಿದರು. ಕೆಲವು ಬೇಸಿಗೆ ತಣ್ಣಗೆ ಕಳೆದವು. ಆಮೇಲೆ ಶುರುವಾಯಿತು ಸದ್ದು, ಅದೂ ಸಿಗ್ನಲ್ಲಿನಲ್ಲಿ ನಿಂತಾಗ ಮಾತ್ರ.

"ಎಂಥಾ ಸದ್ದು ಸಾರ್?" ಎಂದು ಕೇಳಿದ ಎಸಿ ಮೆಕ್ಯಾನಿಕ್.

"ಗುಂಯ್" ಎಂದರು ಭಾವ.

"ಅಲ್ಲಾರೀ, ಗರಗರ ಅನ್ನುತ್ತೆ" ಎಂದಳು ಅಕ್ಕ. ನನಗೆ ಕೇಳಿಸಿದ್ದು ಟಪಟಪ.

ನಗಬೇಡಿ, ಇದರ ಮೇಲೆಯೇ ಬಿಲ್ಲು ನಿಂತಿದೆ. ಎಸಿ ಆರಿಸಿದರೂ ಕಂಪ್ರೆಸರಿನ ಪುಲ್ಲಿ ಬೆಲ್ಟಿನ ಜೊತೆ ಸುತ್ತುತ್ತಲೇ ಇರುತ್ತದೆ. ಹಾಗಾಗಿ ಆರಿಸಿದಾಗಲೂ ಗರಗರ ಬಿಡದಿದ್ದರೆ ಪುಲ್ಲಿಯ ಬೇರಿಂಗಿನ ಮೇಲೆ ಮೊದಲ ಅನುಮಾನ. ಎಂಜಿನ್ ನಿಲ್ಲಿಸಿ ಬ್ಲೋವರ್ ಒಂದನ್ನೇ ಓಡಿಸಿದಾಗ ಟಪಟಪ ಬಂದರೆ, ಒಳಗೆ ಒಣಗಿದ ಎಲೆಯೋ ಇಲಿರಾಯ ಕೂಡಿಟ್ಟ ಆಸ್ತಿಯೋ ಸಿಕ್ಕಿಕೊಂಡಿರುತ್ತದೆ. ಗ್ಯಾಸು ಅತಿಯಾಗಿ ತುಂಬಿದ್ದರೆ ಒತ್ತಡ ಏರಿ ಕಂಪ್ರೆಸರೇ ಮುಲುಗುತ್ತದೆ. ಸ್ವಿಚ್ ಒತ್ತಿದೊಡನೆ ಕ್ಲಚ್ಚು ಹಿಡಿಯುವ 'ಟಕ್' ಒಂದೇ ಇಷ್ಟರಲ್ಲಿ ನಿರಪರಾಧಿ.

ಎಸಿಯವನು ಗೇಜು ಹಚ್ಚಿ ನೋಡಿ, "ನಮ್ಮದೆಲ್ಲ ಸರಿ ಇದೆ, ಇದು ಎಂಜಿನ್ ಸದ್ದು" ಎಂದ. ಎಂಜಿನ್ನಿನವನು, "ಎಸಿ ಹಾಕಿದರೆ ತಾನೇ ಬರೋದು? ಅವನನ್ನೇ ಕೇಳಿ" ಎಂದ. ಕಂದಾಯ ಇಲಾಖೆಗೂ ಸರ್ವೆ ಇಲಾಖೆಗೂ ನಡುವೆ ಅಲೆಯುವ ಜಮೀನಿನ ಕಡತದಂತೆ ನಮ್ಮ ಫಿಯಟ್ಟು ಎರಡು ಗ್ಯಾರೇಜುಗಳ ನಡುವೆ ಓಡಾಡಿತು. ಕಡೆಗೆ ಭಾವ ಇಬ್ಬರನ್ನೂ ಒಂದೇ ಬಾನೆಟ್ಟಿನ ಕೆಳಗೆ ಸೇರಿಸಿದರು. ಮೂವತ್ತು ವರ್ಷ ಹೈಸ್ಕೂಲು ನಡೆಸಿದ ಕೈ ಅದು.

ಮೊದಲು ಎಸಿಯ ಬೆಲ್ಟು ಬಿಚ್ಚಿದರು. 1939ರಲ್ಲಿ ಅಮೆರಿಕದ ಪ್ಯಾಕರ್ಡ್ ಕಂಪನಿ ಕಾರ್ಖಾನೆಯಲ್ಲೇ ಎಸಿ ಕೂರಿಸಿದ ಕಾರನ್ನು ಜಗತ್ತಿಗೆ ತೋರಿಸಿದಾಗ ಅದಕ್ಕೆ ಕ್ಲಚ್ಚೇ ಇರಲಿಲ್ಲ. ಕಂಪ್ರೆಸರ್ ನಿಲ್ಲಬೇಕಾದರೆ ಸಾಹೇಬರು ಎಂಜಿನ್ ಆರಿಸಿ, ಇಳಿದು, ಬಾನೆಟ್ ಎತ್ತಿ ಬೆಲ್ಟನ್ನೇ ಕಳಚಬೇಕಿತ್ತು. ಅಂದು ಶ್ರೀಮಂತರಿಗೆ ಪೀಡೆಯಾಗಿದ್ದದ್ದು ಇಂದು ನಮಗೆ ಪರೀಕ್ಷೆ: ಬೆಲ್ಟು ಕಳಚಿದೊಡನೆ ಸದ್ದು ನಿಂತಿತು. ಎಂಜಿನ್ನಿನವನು ಬೀಡಿ ಹಚ್ಚಿದ.

ಬೆಲ್ಟು ಮತ್ತೆ ಏರಿತು. ಈಗ ಉದ್ದದ ಸ್ಕ್ರೂಡ್ರೈವರ್. ಫ್ರಾನ್ಸಿನ ಲೆನೆಕ್ ಎಂಬ ವೈದ್ಯ 1816ರಲ್ಲಿ ಕಾಗದ ಸುರುಳಿ ಸುತ್ತಿ ರೋಗಿಯ ಎದೆಬಡಿತ ಆಲಿಸಿದನಂತೆ. ಗ್ಯಾರೇಜಿನವರಿಗೆ ಕಾಗದವೂ ಬೇಡ. ತುದಿಯನ್ನು ಕಬ್ಬಿಣಕ್ಕೂ ಹಿಡಿಯನ್ನು ಕಿವಿಗೂ ಒತ್ತಿದರಾಯಿತು. ಭಾವ ತಾವೂ ಆಲಿಸುತ್ತೇನೆಂದು ಬಗ್ಗಿದರು. "ರೀ, ಪಂಚೆ ಚುಂಗು ಬೆಲ್ಟಿಗೆ ಸಿಕ್ಕೀತು!" ಎಂದು ಅಕ್ಕ ವರಾಂಡದಿಂದಲೇ ಕೂಗಿದಳು. ಎಂಜಿನ್ನಿನ ಸದ್ದಿನಲ್ಲಿ ಅವರಿಗೆ ಅದು ಕೇಳಿಸಲಿಲ್ಲ, ಅಥವಾ ಕೇಳಿಸದ ಅಭ್ಯಾಸವೋ.

ಕಂಪ್ರೆಸರಿನಲ್ಲಿ ಏನೂ ಇರಲಿಲ್ಲ. ಬೇರಿಂಗೂ ಸದ್ದಿಲ್ಲದೆ ತಿರುಗುತ್ತಿತ್ತು. ಗುಂಯ್ ಎನ್ನುತ್ತಿದ್ದದ್ದು ಎಂಜಿನ್ನಿಗೂ ಡ್ಯಾಶ್‌ಬೋರ್ಡಿಗೂ ನಡುವಿನ ತಗಡಿನ ಗೋಡೆ! ಎಸಿಯವನು ತಣ್ಣಗೆ ಬೆವರುತ್ತಿದ್ದ ಪೈಪನ್ನು ಮುಷ್ಟಿಯಲ್ಲಿ ಬಿಗಿಹಿಡಿದ, ಸದ್ದು ಅಡಗಿತು. ಬಿಟ್ಟ, ಮತ್ತೆ ಬಂತು. ಪೈಪನ್ನು ಗೋಡೆಯಿಂದ ದೂರ ಹಿಡಿದಿದ್ದ ಕ್ಲಿಪ್ಪಿನ ರಬ್ಬರು ಗಟ್ಟಿಯಾಗಿ ಉದುರಿಹೋಗಿತ್ತು. ನಿಂತ ಕಾರಿನ ಎಂಜಿನ್ನು ನಿಮಿಷಕ್ಕೆ 800 ಸುತ್ತು ಸುತ್ತಿದರೂ ನಾಲ್ಕು ಸಿಲಿಂಡರು ಸೇರಿ ಸೆಕೆಂಡಿಗೆ ಸುಮಾರು 27 ಸಲ ಒದೆಯುತ್ತವೆ. ಎಸಿಯ ಭಾರವೂ ಬಿದ್ದಾಗ ಎಂಜಿನ್ನು ಇನ್ನಷ್ಟು ಅದುರಿ, ಪೈಪು ತಗಡಿಗೆ ತಾಗಿ ಗುನುಗುತ್ತಿತ್ತು. ವೇಗ ಏರಿದೊಡನೆ ಆ ಲಯ ತಪ್ಪಿ ಸುಮ್ಮನಾಗುತ್ತಿತ್ತು. ಇಬ್ಬರು ಮೆಕ್ಯಾನಿಕ್ಕರೂ ಹೇಳಿದ್ದು ಅರ್ಧರ್ಧ ನಿಜ. ಹಾಗಾಗಿ ಇಬ್ಬರೂ ಪೂರ್ತಿ ಗೆದ್ದ ಮುಖ ಮಾಡಿಕೊಂಡರು.

ಹಳೇ ಸೈಕಲ್ ಟ್ಯೂಬಿನ ತುಂಡೊಂದನ್ನು ಪೈಪಿಗೆ ಸುತ್ತಿ ಹೊಸ ಕ್ಲಿಪ್ಪು ಬಿಗಿದದ್ದಾಯಿತು. ಟ್ಯೂಬಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಪತ್ತೆಗೆ ಮಾತ್ರ ಇಬ್ಬರೂ ಧಾರಾಳವಾಗಿಯೇ ತೆಗೆದುಕೊಂಡರು.

ಮುಂದಿನ ಭಾನುವಾರ ಶ್ರೀರಂಗಪಟ್ಟಣಕ್ಕೆ ಹೊರಟೆವು. ಉರಿಬಿಸಿಲು.

"ಇನ್ನೇನು ಸದ್ದಿಲ್ಲವಲ್ಲ, ಎಸಿ ಹಾಕ್ರೀ" ಎಂದಳು ಅಕ್ಕ.

"ಸುಮ್ಮನೆ ಪೆಟ್ರೋಲ್ ದಂಡ" ಎಂದರು ಭಾವ, "ಗಾಜು ಇಳಿಸು."